ರಂಗಪ್ರವೇಶ: ಮೈಸೂರಿನ ಒಂದು ನಿದರ್ಶನವೂ ಇಂದಿನ ಪದ್ಧತಿಯೂ

ವರ್ಷಕ್ಕೆ ಒಬ್ಬಿಬ್ಬರಾದರೂ ವಿದ್ಯಾರ್ಥಿನಿಯರು ಬಣ್ಣದ ಆಮಂತ್ರಣಪತ್ರಿಕೆಯೊಂದನ್ನು ನಮ್ಮ ಮೇಜಿನ ಮೇಲಿರಿಸಿ, ತಮ್ಮ ಭರತನಾಟ್ಯ ರಂಗಪ್ರವೇಶಕ್ಕೆ ಬರಬೇಕೆಂದು ಕೇಳಿಕೊಳ್ಳುವುದು ಈಗ ಕಾಲೇಜು ಅಧ್ಯಾಪಕರಿಗೆಲ್ಲ ಪರಿಚಿತವಾದ ಸಂಗತಿ. ಪತ್ರಿಕೆಯನ್ನು ಮನೆಗೆ ಕೊಂಡೊಯ್ದು ಓದಿದರೆ ಚರಿತ್ರೆಯ ಅಭ್ಯಾಸವುಳ್ಳವನಿಗೆ ಒಂದು ಕುತೂಹಲ ಹುಟ್ಟದಿರದು. ಮುಖಪುಟದಲ್ಲಿ 'ರಂಗಪ್ರವೇಶ' ಎಂದಿರುತ್ತದೆ. ಒಳಪುಟದಲ್ಲಿ ಅದನ್ನೇ 'ಅರಂಗೇಟ್ರಂ' ಎಂದು ಕರೆದಿರುತ್ತಾರೆ. ಕಾರ್ಯಕ್ರಮದ ವಿವರದಲ್ಲಿ, ಹಿಂದಿನ ವಾರ ನಡೆದ ಇಲ್ಲವೆ ಆ ದಿನ ಬೆಳಿಗ್ಗೆ ನಡೆಯಲಿರುವ 'ಗೆಜ್ಜೆಪೂಜೆ'ಯ ಉಲ್ಲೇಖವಿರುತ್ತದೆ. ಈ ಮೂರು ಮಾತುಗಳೂ ಒಂದೇ ಕಾಗದದ ಮೇಲೆ ಅಕ್ಕಪಕ್ಕದಲ್ಲಿ ಶಾಂತವಾಗಿ ಕುಳಿತಿವೆಯಾದರೂ ಇವುಗಳ ಹಿಂದಿನ ಚರಿತ್ರೆ ಶಾಂತವಾದುದಲ್ಲ. ಅದನ್ನು ಸ್ವಲ್ಪ ಕೆದಕಿ ನೋಡಿ, ಅನಂತರ ಇಂದಿನ ರಂಗಪ್ರವೇಶಗಳ ಗುಣದೋಷಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನೃತ್ಯಶಾಸ್ತ್ರದಲ್ಲಿ ಲೇಖಕನದು ವಿದ್ವತ್ತಲ್ಲ. ನೋಡಿ ಬಲ್ಲ ಅಭ್ಯಾಸ ಮಾತ್ರ. ಈ ಮಿತಿಯನ್ನು ಓದುಗರು ಗಮನದಲ್ಲಿರಿಸಿಕೊಳ್ಳಬೇಕು.

ಏಕಾಂಗಿಯಾಗಿ ನರ್ತಕಿಯೊಬ್ಬಳು ಮೊತ್ತಮೊದಲು ಸಭೆಯೆದುರು ನಿಂತುದರ ವಿಸ್ತಾರವಾದ ವರ್ಣನೆ ನಮಗೆ ದೊರೆಯುವುದು ತಮಿಳಿನ ಶಿಲಪ್ಪದಿಕಾರದಲ್ಲಿ. ಆ ಕಾವ್ಯದ ಒಂದು ಅಧ್ಯಾಯದ ಹೆಸರೇ ರಂಗಾರೋಹಣದ ಕಥೆಯೆಂಬ ಅರ್ಥವುಳ್ಳದ್ದು. ಮಾಧವಿ ಐದನೆಯ ವಯಸ್ಸಿನಲ್ಲಿ ಕಲಿಕೆಗೆ ತೊಡಗಿ, ಏಳು ವರ್ಷ ಅಭ್ಯಾಸ ಮಾಡಿ, ಹನ್ನೆರಡನೆಯ ವಯಸ್ಸಿನಲ್ಲಿ ಪುಹಾರಿನ ಚೋಳರಾಜನ ಸಮ್ಮುಖದಲ್ಲಿ ನರ್ತಿಸುತ್ತಾಳೆ. ರಾಜನು ಅವಳಿಗೆ 'ತಲೈಕ್ಕೋಲ್' ಎಂಬ ಬಿರುದನ್ನೂ ಸಾವಿರದ ಎಂಟು ಹೊನ್ನಿನ ಬೆಲೆಯ ಹಾರವನ್ನೂ ಕೊಡುತ್ತಾನೆ. ಇಲ್ಲಿಯವರೆಗಿನ ಭಾಗವನ್ನು ಇಂದಿನ ಸಮಾರಂಭಗಳಲ್ಲಿ ಭಾಷಣಕಾರರು ಹೆಮ್ಮೆಯಿಂದ ಉದ್ಧರಿಸುವುದುಂಟು. ಅವರು ಹೇಳದೆ ಬಿಡುವುದು ಮುಂದಿನ ಸಂಗತಿ. ಆ ಹಾರವನ್ನು ಕೂನಿಯೊಬ್ಬಳ ಕೈಯಲ್ಲಿ ನಗರದ ಬೀದಿಗೆ ಮಾರಾಟಕ್ಕೆ ಕಳುಹಿಸುತ್ತಾರೆ. ಅದನ್ನು ಕೊಂಡವನು ಮಾಧವಿಯನ್ನೂ ಪಡೆಯುತ್ತಾನೆ. ಕೋವಲನು ಕೊಳ್ಳುತ್ತಾನೆ; ಕಥೆಯ ದುರಂತ ಅಲ್ಲಿಂದ ಮೊದಲಾಗುತ್ತದೆ. ಕಲೆಯ ಪರೀಕ್ಷೆಯೂ ಕಲಾವಿದೆಯ ಕ್ರಯವೂ ಒಂದೇ ದಿನ ಒಂದೇ ಹಾರದಿಂದ ನಿರ್ಣಯವಾದುವು. ಪ್ರಾಚೀನ ಪದ್ಧತಿಯ ಪುನರುದ್ಧಾರವೆಂದು ನಾವು ಮಾತನಾಡುವಾಗ ಈ ಅರ್ಧವನ್ನು ಮರೆಯುವುದು ಚರಿತ್ರೆಗೆ ಮಾಡುವ ಅಪಚಾರ.

ಕನ್ನಡದ ಆಕರಗಳ ಕಡೆಗೆ ಬರೋಣ. ನಮ್ಮ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ಹೇಳುವಾಗ 'ಅಂಗಭೋಗ ರಂಗಭೋಗ'ವೆಂಬ ಜೋಡಿಮಾತು ಮತ್ತೆ ಮತ್ತೆ ಬರುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ದೇವರ ಮೈಗೆ ಸಲ್ಲುವ ಅಭಿಷೇಕ ಅಲಂಕಾರಾದಿಗಳು ಅಂಗಭೋಗ. ದೇವರ ಮುಂದೆ ನಡೆಯುವ ಗೀತ ವಾದ್ಯ ನೃತ್ಯಗಳು ರಂಗಭೋಗ. ಗುಡಿಯ ಒಳಮಂಟಪಕ್ಕೆ ಇಂದಿಗೂ 'ನವರಂಗ'ವೆಂದೇ ಹೆಸರು. ನರ್ತಿಸುವವಳನ್ನು ಶಾಸನಗಳು 'ಪಾತ್ರ'ವೆಂದು ಕರೆಯುತ್ತವೆ. ಆದಕಾರಣ ಕನ್ನಡಿಗನಿಗೆ 'ರಂಗ'ವೆಂಬುದು ನಾಟಕಶಾಲೆಯ ಹಲಗೆಯ ಮೇಲಿನ ಜಾಗ ಮಾತ್ರವಾಗಿರಲಿಲ್ಲ. ಜೀವನೋಪಾಯಕ್ಕೆ ಭೂಮಿ, ನಿಲ್ಲಲು ಕಲ್ಲಿನ ನೆಲ, ಮಾಡಲು ನಿತ್ಯದ ಸೇವೆ ಇವುಗಳನ್ನೆಲ್ಲ ಒಳಗೊಂಡ ಒಂದು ವ್ಯವಸ್ಥೆಯಾಗಿತ್ತು. ಅದರೊಳಕ್ಕೆ ಪ್ರವೇಶಿಸುವುದೆಂದರೆ ಒಂದು ಸಂಜೆಯ ಮಾತಲ್ಲ, ಒಂದು ಜೀವಮಾನದ ಮಾತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ನೃತ್ಯಗೀತಗಳಲ್ಲಿ ನಿಪುಣೆಯೆಂದು ಶಾಸನಗಳು ಕೊಂಡಾಡುತ್ತವೆ, ನಿಜ. ಆದರೆ ಪಟ್ಟಮಹಿಷಿಯ ಕಲಾನೈಪುಣ್ಯಕ್ಕೂ ಪಾತ್ರದವಳ ವೃತ್ತಿಗೂ ಇರುವ ಅಂತರವನ್ನು ಮರೆತು, ಇಂದಿನ ಪ್ರತಿಯೊಂದು ರಂಗಪ್ರವೇಶದ ಪತ್ರಿಕೆಯ ಮೇಲೂ ಬೇಲೂರಿನ ಮದನಿಕೆಯ ಚಿತ್ರವನ್ನು ಅಚ್ಚುಹಾಕುವುದು ಅಷ್ಟೇನೂ ವಿಚಾರಪೂರ್ವಕವಾದ ರೂಢಿಯಲ್ಲ.

ನಮ್ಮ ಸೀಮೆಯದೇ ಒಂದು ಸಾಕ್ಷ್ಯವುಂಟು. 1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಗೋವೆಯ ಪೋರ್ತುಗೀಸರ ರಾಯಭಾರಿಯೊಡನೆ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದನು. ಇಂದು ಸಾಗರದಿಂದ ಅಘೋರೇಶ್ವರನ ಗುಡಿಗೆ ಹೋಗುವವರು ಆಗಿನ ಬೀದಿಗಳ ಸಂಭ್ರಮವನ್ನು ಊಹಿಸಿಕೊಳ್ಳಲಾರರು. ರೇಷ್ಮೆಯುಟ್ಟು, ಹೂ ಮುಡಿದು, ಬಣ್ಣದ ಗಿಡ್ಡಕೋಲುಗಳನ್ನು ಹಿಡಿದ ಹೆಣ್ಣುಮಕ್ಕಳ ತಂಡಗಳು ಮದ್ದಳೆಯ ಗತಿಗೆ ಸುತ್ತುತ್ತ ಕೋಲು ಹೊಯ್ಯುತ್ತಿದ್ದುದನ್ನೂ, ಒಬ್ಬಳು ಹಾಡಿದ ನುಡಿಗೆ ಉಳಿದವರು 'ಕೋಲೇ' ಎಂದು ದನಿಗೂಡಿಸುತ್ತಿದ್ದುದನ್ನೂ ಅವನು ತನ್ನ ಪತ್ರಗಳಲ್ಲಿ ವಿವರವಾಗಿ ಬರೆದಿದ್ದಾನೆ. ಗುಡಿಯ ಉತ್ಸವದಲ್ಲಿ ದೇವರ ಮುಂದೆ ನರ್ತಿಸುತ್ತಿದ್ದ ಸ್ತ್ರೀಯರನ್ನೂ ಕಂಡಿದ್ದಾನೆ. ಎರಡು ಬಗೆಯ ನೃತ್ಯ ಒಂದೇ ಊರಿನಲ್ಲಿ ಒಂದೇ ವಾರದಲ್ಲಿ: ಒಂದು ಊರ ಮಕ್ಕಳದು, ಗುಂಪಿನದು, ಪ್ರವೇಶಪರೀಕ್ಷೆಯಿಲ್ಲದ್ದು; ಇನ್ನೊಂದು ವೃತ್ತಿಯವರದು, ಶಿಕ್ಷಣದ್ದು, ಗುಡಿಗೆ ಕಟ್ಟುಬಿದ್ದದ್ದು. ಇಂದಿನ ರಂಗಪ್ರವೇಶದಲ್ಲಿ ಈ ಎರಡೂ ವಿಚಿತ್ರವಾಗಿ ಕಲಸಿಹೋಗಿವೆ. ಊರ ಮಕ್ಕಳು ವೃತ್ತಿಯವರ ಪರೀಕ್ಷೆಯನ್ನು ಕೊಡುತ್ತಾರೆ. ಆದರೆ ವೃತ್ತಿಗೆ ಸೇರುವುದಿಲ್ಲ. ಅದೇ ಕೆಳದಿ ಮನೆತನದ ಬಸವಪ್ಪನಾಯಕನು ಮುಂದೆ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಸಂಗೀತ ನಾಟ್ಯಗಳಿಗೂ ಸ್ಥಾನವಿದೆಯೆಂಬುದನ್ನು ಇಲ್ಲಿ ಸೂಚಿಸಿ ಮುಂದೆ ಹೋಗುತ್ತೇನೆ. ಅದು ಪ್ರತ್ಯೇಕ ಲೇಖನದ ವಸ್ತು.

ಈಗ ಮೈಸೂರು. ಇಂದು ಭರತನಾಟ್ಯವೆಂದು ನಾವು ಕರೆಯುವ ಕಲೆಯ ಕಾರ್ಯಕ್ರಮಕ್ಕೆ ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ ಎಂಬ ಕ್ರಮವನ್ನು ಕೊಟ್ಟವರು ತಂಜಾವೂರಿನ ನಾಲ್ವರು ಸೋದರರೆಂದು ಪ್ರಸಿದ್ಧಿ. ಅವರಲ್ಲಿ ಹಿರಿಯನಾದ ಚಿನ್ನಯ್ಯನು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದನು. ಹೀಗೆ ತಂಜಾವೂರಿನ ಕಟ್ಟು ಮೈಸೂರಿಗೆ ಬಂದಿತಾದರೂ ಇಲ್ಲಿ ಅದು ಬೇರೊಂದು ಒಲವನ್ನು ಪಡೆಯಿತು. ಮೈಸೂರಿನವರು ಕಾಲಿಗಿಂತ ಮುಖಕ್ಕೆ ಹೆಚ್ಚು ಬೆಲೆ ಕೊಟ್ಟರೆಂದರೆ ತಪ್ಪಾಗದು. ಅರಮನೆಯ ಜಟ್ಟಿಗಳ ಮನೆತನದಲ್ಲಿ ಹುಟ್ಟಿದ ತಾಯಮ್ಮನವರು (1857–1947) ಈ ಅಭಿನಯಪ್ರಧಾನ ಮಾರ್ಗದ ಶಿಖರ. ಶೃಂಗಾರಶ್ಲೋಕವೊಂದನ್ನು ಎತ್ತಿಕೊಂಡು, ಕುಳಿತಲ್ಲಿಂದ ಏಳದೆ, ಅದೇ ಸಾಲಿಗೆ ಮತ್ತೆ ಮತ್ತೆ ಹೊಸ ಭಾವವನ್ನು ತೋರಿಸುತ್ತ ಹೋಗುವುದು ಈ ಪರಂಪರೆಯ ಹೆಗ್ಗುರುತು.

ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು. ಇವರ ರಂಗಪ್ರವೇಶವನ್ನೇ ನಾನು ನಿದರ್ಶನವಾಗಿ ಆರಿಸಿಕೊಂಡಿದ್ದೇನೆ. ಅವರು ಕಡೂರಿನ ಕಡೆಯ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಕುಟುಂಬದಲ್ಲಿ, 1906ರ ಮೇ 29ರಂದು ಹುಟ್ಟಿದರು. ಎಂಟನೆಯ ವಯಸ್ಸಿನಲ್ಲಿ ತಾಯಮ್ಮನವರ ಬಳಿ ಗುರುಕುಲಕ್ರಮದಲ್ಲಿ ಕಲಿಯತೊಡಗಿದರು. ಸಂಸ್ಕೃತವನ್ನು ಆಸ್ಥಾನದ ವಿದ್ವಾಂಸರಿಂದಲೂ ಸಂಗೀತವನ್ನು ಬಿ. ದೇವೇಂದ್ರಪ್ಪ, ಸಿ. ರಾಮರಾವ್ ಅವರಿಂದಲೂ ಅಭ್ಯಾಸ ಮಾಡಿದರು. ಹನ್ನೆರಡನೆಯ ವಯಸ್ಸಿನಲ್ಲಿ, ಅಂದರೆ 1918ರ ಸುಮಾರಿಗೆ, ರಂಗಪ್ರವೇಶ ಮಾಡಿದರು. ಮಾಧವಿಯ ವಯಸ್ಸೂ ಹನ್ನೆರಡೇ. ಈ ಸಾಮ್ಯವನ್ನು ಆಕಸ್ಮಿಕವೆನ್ನುವಂತಿಲ್ಲ. ವೃತ್ತಿಯ ನರ್ತಕಿಗೆ ಪ್ರಾಯಪ್ರವೇಶವೂ ರಂಗಪ್ರವೇಶವೂ ಬಹುಕಾಲ ಒಂದಕ್ಕೊಂದು ಹತ್ತಿರವೇ ಇದ್ದುವು.

ಇಲ್ಲಿ ಕಾಲಗಣನೆಯ ಒಂದು ಮಾತನ್ನು ಒತ್ತಿ ಹೇಳಬೇಕು. ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದು 1909ರಲ್ಲಿ. ಮದರಾಸಿನಲ್ಲಿ ಇದಕ್ಕೆ ಸಮನಾದ ಶಾಸನ ಪೂರ್ಣರೂಪದಲ್ಲಿ ಬಂದದ್ದು 1947ರಲ್ಲಿ. ಎಂದರೆ ಹೆಚ್ಚುಕಡಮೆ ನಾಲ್ಕು ದಶಕಗಳಷ್ಟು ಮುಂಚೆ ಮೈಸೂರಿನ ನರ್ತಕಿಗೆ ಗುಡಿಯ ಬಾಗಿಲು ಮುಚ್ಚಿಹೋಗಿತ್ತು. ಆಗ ವೆಂಕಟಲಕ್ಷಮ್ಮನವರಿಗೆ ಮೂರು ವರ್ಷ. ಆಕೆ ಕಲಿತು ಸಭೆಗೆ ಬರುವ ಹೊತ್ತಿಗೆ ಅವರಿಗೆ ಉಳಿದಿದ್ದ ರಂಗ ಅರಮನೆಯೊಂದೇ. ಅದರ ಸುತ್ತಲಿನ ರಸಿಕರ ಮನೆಗಳೂ ಸೇರಿದರೆ ಸೇರಬಹುದು. ಮೈಸೂರಿನ ಶೈಲಿ ಕುಳಿತು ಮಾಡುವ ಅಭಿನಯವನ್ನೂ ಸಣ್ಣ ಸಭೆಯ ಸೂಕ್ಷ್ಮವನ್ನೂ ಅಷ್ಟು ಬೆಳೆಸಿದ್ದಕ್ಕೆ ಕಾರಣಗಳನ್ನು ಹುಡುಕುವವರು ಗುರುವಿನ ಪ್ರತಿಭೆಯನ್ನು ಮಾತ್ರ ನೋಡದೆ ಈ ಆಜ್ಞೆಯನ್ನೂ ನೋಡಬೇಕೆಂದು ನನ್ನ ಅಭಿಪ್ರಾಯ. ಗುಡಿಯ ಅಂಗಳದಲ್ಲಿ ಸಾವಿರ ಜನಕ್ಕೆ ಕಾಣುವಂತೆ ಕುಣಿಯಬೇಕಾದವಳಿಗೆ ಕಣ್ಣಿನ ಕೊನೆಯ ಚಲನೆ ನಿರುಪಯುಕ್ತ. ದಿವಾನಖಾನೆಯಲ್ಲಿ ಹತ್ತು ಮೊಳ ದೂರದಲ್ಲಿ ಕುಳಿತ ಪಂಡಿತನೆದುರು ಅದೇ ಸರ್ವಸ್ವ. ಇದು ಊಹೆ, ಆದರೆ ಆಧಾರವಿಲ್ಲದ ಊಹೆಯಲ್ಲ.

ರಂಗಪ್ರವೇಶದ ಅನಂತರ ಏನಾಯಿತು? ಅದೇ ಮುಖ್ಯವಾದ ಪ್ರಶ್ನೆ. ವೆಂಕಟಲಕ್ಷಮ್ಮನವರು ಸುಮಾರು ಮೂವತ್ತು ವರ್ಷಗಳ ಕಾಲ ಗುರುವಿನ ಜೊತೆಯಲ್ಲಿಯೇ ನರ್ತಿಸಿದರು. ತಾಯಮ್ಮನವರು ತೀರಿಕೊಂಡದ್ದು 1947ರಲ್ಲಿ. 1918ರಿಂದ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. 1939ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಳ್ಳುವ ಹಿಂದಿನ ವರ್ಷ, ಅವರಿಂದ ಆಸ್ಥಾನವಿದುಷಿಯಾಗಿ ನೇಮಕಗೊಂಡರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆದರು; 1974ರಲ್ಲಿ ನಿವೃತ್ತಿ; 1992ರಲ್ಲಿ ಪದ್ಮಭೂಷಣ; 2002ರ ಜುಲೈ 1ರಂದು ನಿಧನ. ಅವರ ಜೀವನಪರಿಚಯಗಳಲ್ಲಿ ಆಸ್ಥಾನಸೇವೆ ನಲವತ್ತು ವರ್ಷವೆಂದು ಕಾಣುತ್ತದೆ. 1939ರ ನೇಮಕದಿಂದ ಎಣಿಸಿದರೆ ಇದು ಹೊಂದುವುದಿಲ್ಲ. ವಿಶ್ವವಿದ್ಯಾನಿಲಯದ ನಿವೃತ್ತಿಯನ್ನೂ ದಾಟಿ ಹೋಗುತ್ತದೆ. ಗುರುವಿನ ಬೆನ್ನಿಗೆ ನಿಂತು ನರ್ತಿಸಿದ ಮೊದಲ ವರ್ಷಗಳನ್ನೂ ಸೇರಿಸಿಯೇ ಈ ಲೆಕ್ಕ ಹಾಕಿರಬೇಕು. ಹಾಗಾದರೆ ಆ ಸಂಖ್ಯೆಯಲ್ಲಿ ತಪ್ಪಿಗಿಂತ ಒಂದು ತಿಳಿವಳಿಕೆಯೇ ಕಾಣುತ್ತದೆ: ಆ ಪರಂಪರೆಯವರಿಗೆ ಸೇವೆ ಆರಂಭವಾಗುವುದು ಸನ್ನದು ಕೈಗೆ ಬಂದ ದಿನವಲ್ಲ, ರಂಗಕ್ಕೆ ಕಾಲಿಟ್ಟ ದಿನ.

ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳನ್ನು ಬರೆಯುವವರು ಗಮನಿಸಬೇಕು. ದೇವದಾಸಿಯರ ಕೈಯಲ್ಲಿದ್ದ ಕಲೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮೇಲ್ಜಾತಿಯ ವಿದ್ಯಾವಂತ ಕುಟುಂಬಗಳು ಎತ್ತಿಕೊಂಡುವೆಂಬ ಒಂದೇ ಗೆರೆಯ ಕಥೆ ನಮ್ಮ ತರಗತಿಗಳಲ್ಲಿ ನಡೆದುಬಂದಿದೆ. ಮದರಾಸಿನ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಆದರೆ ಜಟ್ಟಿಗಳ ಮನೆಯ ಮಗಳೊಬ್ಬಳು ಲಂಬಾಣಿ ತಾಂಡ್ಯದ ಮಗಳೊಬ್ಬಳಿಗೆ ವಿದ್ಯೆಯನ್ನು ಧಾರೆಯೆರೆದು, ಆ ಶಿಷ್ಯೆ ಅರಮನೆಯನ್ನೂ ಅನಂತರ ವಿಶ್ವವಿದ್ಯಾನಿಲಯವನ್ನೂ ಏರಿದ ಮೈಸೂರಿನ ಪ್ರಕರಣ ಆ ಗೆರೆಯ ಮೇಲೆ ಕೂರುವುದಿಲ್ಲ.

ಹೋಲಿಕೆಗಾಗಿ ಎರಡು ರಂಗಪ್ರವೇಶಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬಾಲಸರಸ್ವತಿಯವರದು 1925ರಲ್ಲಿ ಕಾಂಚೀಪುರದ ದೇವಾಲಯದಲ್ಲಿ, ಏಳನೆಯ ವಯಸ್ಸಿನಲ್ಲಿ, ಕಂದಪ್ಪ ಪಿಳ್ಳೆಯವರ ಶಿಷ್ಯೆಯಾಗಿ ನಡೆಯಿತು. ಅದು ಮನೆತನದ ವಿದ್ಯೆ. ರುಕ್ಮಿಣೀದೇವಿಯವರದು 1935ರ ಡಿಸೆಂಬರಿನಲ್ಲಿ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಅಧಿವೇಶನದಲ್ಲಿ. ಆಗ ಅವರಿಗೆ ಮೂವತ್ತು ದಾಟಿತ್ತು. ಕಲಿತ ಕಾಲ ಸ್ವಲ್ಪವೇ. ಗುರುಗಳಾದ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಿಗೆ ಅಷ್ಟು ಬೇಗ ರಂಗವೇರುವುದು ಸಮ್ಮತವಿರಲಿಲ್ಲ. ಆದರೂ ಆಕೆ ಏರಿದರು. ದೇಶದ ಮುಂದಿನ ರಂಗಪ್ರವೇಶಗಳೆಲ್ಲ ಆ ದಿನದ ಸಂತಾನವೇ. ಆಹ್ವಾನಿತರಾದ ಗಣ್ಯರು, ಪಾವಿತ್ರ್ಯದ ಮಾತು, ಸಭ್ಯಗೃಹಸ್ಥರ ಮಗಳು ವೇದಿಕೆಗೆ ಬಂದಳೆಂಬ ಹೆಮ್ಮೆ, ಎಲ್ಲವೂ ಅಲ್ಲಿಂದ ಬಂದುವು. ಅಲ್ಲಿಂದ ಆ ಪದ್ಧತಿ ಎಷ್ಟು ದೂರ ಸಾಗಿದೆಯೆಂದರೆ, 2024ರ ಆಗಸ್ಟಿನಲ್ಲಿ ಹದಿಮೂರು ವರ್ಷದ ಚೀನೀ ಬಾಲಿಕೆಯೊಬ್ಬಳು ಚೀನೀ ಗುರುವಿನಿಂದಲೇ ಕಲಿತು ಬೀಜಿಂಗಿನಲ್ಲಿ ರಂಗಪ್ರವೇಶ ಮಾಡಿದಳು.

'ಗೆಜ್ಜೆಪೂಜೆ'ಯ ವಿಷಯ ಬೇರೆ. ಇಂದು ನೃತ್ಯಶಾಲೆಗಳಲ್ಲಿ ಇದು ಕಾಲಿಗೆ ಗೆಜ್ಜೆ ಕಟ್ಟುವ ಮೊದಲು ಮಾಡುವ ನಿರ್ಮಲವಾದ ಪೂಜೆ. ಆದರೆ ಮೈಸೂರು ಸೀಮೆಯ ಚರಿತ್ರೆಯಲ್ಲಿ ಹುಡುಗಿಯೊಬ್ಬಳನ್ನು ಮದುವೆಯ ಬಾಳಿನಿಂದ ಶಾಶ್ವತವಾಗಿ ಹೊರಗಿಟ್ಟು ವೃತ್ತಿಗೆ ಇಳಿಸುತ್ತಿದ್ದ ವಿಧಿಗೂ ಇದೇ ಹೆಸರು. ನಮ್ಮ ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರು ತಮ್ಮ ಕಾದಂಬರಿಗೆ ಆ ಹೆಸರನ್ನಿಟ್ಟದ್ದು ಎರಡನೆಯ ಅರ್ಥದಲ್ಲಿ. ಪುಟ್ಟಣ್ಣ ಕಣಗಾಲರ ಚಲನಚಿತ್ರದಿಂದ ಆ ಕಥೆ ಮನೆಮನೆಗೆ ತಿಳಿಯಿತು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಮತ್ತೊಮ್ಮೆ 1982ರಲ್ಲಿ ಆಗಬೇಕಾಯಿತೆಂದರೆ ಆ ಅರ್ಥ ಎಷ್ಟು ಕಾಲ ಜೀವಂತವಾಗಿತ್ತೆಂದು ತಿಳಿಯಬಹುದು. ಪತ್ರಿಕೆಯಿಂದ ಈ ಪದವನ್ನು ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಪದಗಳು ಶುದ್ಧಿಯಾಗುವುದುಂಟು. ಆದರೆ ಎಂಟು ಹತ್ತು ವರ್ಷ ಕಲಿಸಿದ ಗುರು ಈ ಪದದ ಚರಿತ್ರೆಯನ್ನು ಶಿಷ್ಯೆಗೆ ಒಂದು ದಿನವಾದರೂ ಹೇಳಿದ್ದುಂಟೆ? ನಾನು ಕೇಳಿದ ಐದಾರು ವಿದ್ಯಾರ್ಥಿನಿಯರಲ್ಲಿ ಒಬ್ಬಳಿಗೂ ಅದು ತಿಳಿದಿರಲಿಲ್ಲ. ಕಾದಂಬರಿಯನ್ನು ಓದಿದ್ದವಳೊಬ್ಬಳು, ಅದು ಬೇರೆ ಗೆಜ್ಜೆಪೂಜೆಯೆಂದು ನನಗೇ ತಿಳಿಹೇಳಿದಳು.

ಇನ್ನು ನಾನು ಕಣ್ಣಾರೆ ಕಂಡ ಒಂದು ರಂಗಪ್ರವೇಶ. ಲೇಖಕನ ಊರು ತುಮರಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ ಕರೂರು ಸೀಮೆಯ ನಮ್ಮ ಹಳ್ಳಿಗಳು ಸಾಗರದಿಂದ ಕಡಿದುಹೋದುವು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆಯುವವರೆಗೆ ನಮಗೆ ಲಾಂಚೇ ಗತಿಯಾಗಿತ್ತು. ಸೇತುವೆಗೆ ಕೆಲವು ವರ್ಷ ಮುಂಚೆ, ಹಿನ್ನೀರಿನ ಆಚೆಯ ಹಳ್ಳಿಯೊಂದರ ಹುಡುಗಿ, ನನ್ನ ವಿದ್ಯಾರ್ಥಿನಿ, ಭಾನುವಾರಗಳಲ್ಲಿ ಲಾಂಚು ದಾಟಿ ಬಸ್ಸು ಹಿಡಿದು ಸಾಗರಕ್ಕೆ ಹೋಗಿ ಒಂಬತ್ತು ವರ್ಷ ಭರತನಾಟ್ಯ ಕಲಿತವಳು. ಜೂನಿಯರ್, ಸೀನಿಯರ್ ಪರೀಕ್ಷೆಗಳಾಗಿದ್ದುವು. ಅವಳ ರಂಗಪ್ರವೇಶವನ್ನು ಊರವರ ಅನುಕೂಲಕ್ಕಾಗಿ ಮಧ್ಯಾಹ್ನ ಎರಡಕ್ಕೆ ಇಟ್ಟಿದ್ದರು. ನಾಲ್ಕೂವರೆಗೆ ಹೊರಟರೆ ಕೊನೆಯ ಲಾಂಚು ಸಿಕ್ಕುತ್ತದೆಂಬುದು ಲೆಕ್ಕ.

ಅಲರಿಪ್ಪಿನಲ್ಲಿ ಅಂಗಶುದ್ಧಿ ಚೆನ್ನಾಗಿತ್ತು. ಅರಮಂಡಿ ಮಾತ್ರ ಮೂರನೆಯ ಕಾಲಕ್ಕೆ ಬರುವಾಗ ಸ್ವಲ್ಪ ಎತ್ತರವಾಗುತ್ತಿತ್ತು. ಇದು ಹೆಚ್ಚಿನ ಹೊಸಬರಲ್ಲಿ ಕಾಣುವ ದೋಷ. ಜತಿಸ್ವರ, ಶಬ್ದಗಳು ನಿರ್ವಿಘ್ನವಾಗಿ ಸಾಗಿದುವು. ವರ್ಣದ ಒಂದು ತೀರ್ಮಾನದಲ್ಲಿ ಮೃದಂಗಕ್ಕೂ ಹೆಜ್ಜೆಗೂ ಅರ್ಧಾಕ್ಷರದಷ್ಟು ಬಿರುಕು ಬಿಟ್ಟಿತು. ಹುಡುಗಿ ನಟ್ಟುವಾಂಗದ ಕಡೆ ಗಾಬರಿಯಿಂದ ನೋಡಲಿಲ್ಲ. ಮುಂದಿನ ಆವರ್ತದೊಳಗೆ ತಾನೇ ಸರಿಪಡಿಸಿಕೊಂಡಳು. ಆ ಸಂಜೆಯ ನೃತ್ತದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರಿದ ಕ್ಷಣ ಅದು. ತಪ್ಪಿಲ್ಲದ ತೀರ್ಮಾನಗಳನ್ನು ಅಭ್ಯಾಸ ಕೊಡಬಲ್ಲುದು, ಆದರೆ ಹೀಗೆ ಸರಿಪಡಿಸಿಕೊಳ್ಳುವ ಧೈರ್ಯ ಅಭ್ಯಾಸದಿಂದ ಮಾತ್ರ ಬರುವಂಥದಲ್ಲ.

ವರ್ಣ ಮುಗಿದಾಗ ಮೂರೂಕಾಲು. ಆಗ ವೇಷ ಬದಲಾಯಿಸಿಕೊಳ್ಳುವ ಬಿಡುವಿನಲ್ಲಿ ಸಭಾಕಾರ್ಯಕ್ರಮ. ಮುಖ್ಯ ಅತಿಥಿಗಳು, ಅಧ್ಯಕ್ಷರು, ಹಿತೈಷಿಗಳು ಹೀಗೆ ಐವರು ಮಾತನಾಡಿದರು. ಶಾಂತಲೆ ಬಂದಳು, ನಟರಾಜನು ಬಂದನು, ನಮ್ಮ ಸಂಸ್ಕೃತಿಯ ಅಳಿವು ಉಳಿವು ಬಂದುವು; ಆಗತಾನೆ ನಡೆದ ವರ್ಣದ ವಿಚಾರವಾಗಿ ಯಾರೂ ಒಂದು ವಾಕ್ಯವನ್ನೂ ಆಡಲಿಲ್ಲ. ಸನ್ಮಾನ, ಶಾಲು, ಸ್ಮರಣಿಕೆ. ಒಂದು ಗಂಟೆ ಹತ್ತು ನಿಮಿಷ ಕಳೆಯಿತು. ಪದ ಆರಂಭವಾಗುವುದಕ್ಕೂ ನಮ್ಮ ಊರವರು ಏಳುವುದಕ್ಕೂ ಸರಿಯಾಯಿತು. ಹುಡುಗಿಯ ಅಜ್ಜಿ ಬಾಗಿಲವರೆಗೆ ಹೋಗಿ ತಿರುಗಿ ನಿಂತು ಒಂದು ನಿಮಿಷ ನೋಡಿದರು, ಬಸ್ಸಿನವನು ಹಾರ್ನ್ ಮಾಡಿದನು, ಹೋದರು.

ಪದ ಕ್ಷೇತ್ರಯ್ಯನದು; ನಾಯಿಕೆ ಖಂಡಿತೆ. ಪರಸ್ತ್ರೀಯ ಮನೆಯಿಂದ ಬೆಳಗಿನ ಜಾವ ಬಂದ ನಾಯಕನನ್ನು ವ್ಯಂಗ್ಯವಾಗಿ ಸ್ವಾಗತಿಸುವ ಪ್ರೌಢೆಯ ಪಾತ್ರವನ್ನು ಹದಿನಾರು ವರ್ಷದ ಹುಡುಗಿಗೆ ಕೊಟ್ಟಿದ್ದರು. ಹಸ್ತಗಳೆಲ್ಲ ಸರಿಯಾಗಿದ್ದುವು, ಹುಬ್ಬು ಹೇಳಿದ ಜಾಗದಲ್ಲಿ ಏರಿತು. ಆದರೆ ಬಾಯಿಪಾಠ ಒಪ್ಪಿಸುವ ಮಗುವಿನ ಮುಖ. ದೋಷ ಅವಳದಲ್ಲ, ಆಯ್ಕೆಯದು. ತಾಯಮ್ಮನವರ ಮಾರ್ಗದಲ್ಲಿ ಇಂಥ ಪದವೊಂದಕ್ಕೆ ಗುರುವನ್ನು ದಶಕಗಳ ಕಾಲ ನೋಡಿ ಪಡೆದ ಸಂಸ್ಕಾರವಿತ್ತು. ಈಗ ಪಟ್ಟಿಯಲ್ಲಿ ಪದವೊಂದಿರಬೇಕಾದ್ದರಿಂದ ಪದವಿದೆ. ಅನಂತರ ಪುರಂದರದಾಸರ ಒಂದು ದೇವರನಾಮ. ಯಶೋದೆ ಕೃಷ್ಣನನ್ನು ಕರೆಯುವ ಸಂದರ್ಭ. ಇಲ್ಲಿ ಹುಡುಗಿಯ ದೃಷ್ಟಿ ತಾನಾಗಿ ಕೆಳಕ್ಕೆ ಇಳಿಯಿತು; ಮೂರು ವರ್ಷದ ಮಗುವಿನ ತಲೆ ಎಲ್ಲಿರುತ್ತದೆಯೋ ಕರಾರುವಾಕ್ಕಾಗಿ ಅಲ್ಲಿ ನಿಂತಿತು; ಮಗು ಓಡಿದಾಗ ಅದರೊಡನೆ ಓಡಿತು. ಮನೆಯಲ್ಲಿ ಚಿಕ್ಕ ತಮ್ಮನಿದ್ದಾನೆಂದು ಆಮೇಲೆ ತಿಳಿಯಿತು. ಅಜ್ಜಿ ಅದನ್ನು ನೋಡಬೇಕಾಗಿತ್ತು.

ಆ ಹುಡುಗಿ ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಆ ದಿನದ ಬಳಿಕ ಅವಳು ಗೆಜ್ಜೆ ಕಟ್ಟಿಲ್ಲ. ಮನೆಯವರು ಅಡಕೆ ಮಾರಿದ ಒಂದು ವರ್ಷದ ಹಣ ಸಭಾಂಗಣಕ್ಕೂ ವಾದ್ಯಮೇಳಕ್ಕೂ ಊಟಕ್ಕೂ ಛಾಯಾಚಿತ್ರಕ್ಕೂ ಆಯಿತೆಂದು ಕೇಳಿದ್ದೇನೆ. ಅವರಿಗೆ ಇದರಲ್ಲಿ ವಿಷಾದವಿಲ್ಲ. ಮದುವೆಯಂತೆ ಇದೂ ಒಂದು ಶುಭಕಾರ್ಯವೆಂದು ಅವರ ಭಾವನೆ. ವೆಂಕಟಲಕ್ಷಮ್ಮನವರಿಗೆ ಮೂವತ್ತು ವರ್ಷಗಳ ಬಾಗಿಲಾಗಿದ್ದುದು ಇವಳಿಗೆ ಒಂಬತ್ತು ವರ್ಷಗಳ ಕೊನೆಯ ಪುಟವಾಯಿತು. ಹಾಗೆಂದು ಹಿಂದಿನದೇ ಬರಲೆಂದು ಹಂಬಲಿಸುವುದೂ ಅವಿವೇಕ. ಹಿಂದಿನ ನರ್ತಕಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ, ಇವಳಿಗೆ ಇದೆ. ಈ ಸ್ವಾತಂತ್ರ್ಯಕ್ಕಾಗಿಯೇ 1909 ಬಂದಿತು, 1947 ಬಂದಿತು, 1982 ಬಂದಿತು. ನಾನು ಆಕ್ಷೇಪಿಸುವುದು ಅವಳು ಬಿಟ್ಟುದನ್ನಲ್ಲ. ಅವಳು ಹೇಗೆ ನರ್ತಿಸಿದಳೆಂದು ಅವಳಿಗೆ ಯಾರೂ ಹೇಳದೆ ಹೋದುದನ್ನು.

ನಾಟ್ಯಶಾಸ್ತ್ರವು ಪ್ರಯೋಗದ ಸಿದ್ಧಿಯನ್ನು ವಿಚಾರಿಸುವಾಗ 'ಪ್ರಾಶ್ನಿಕ'ರೆಂಬ ಪರೀಕ್ಷಕರನ್ನು ಹೇಳುತ್ತದೆ. ಅವರ ಅರ್ಹತೆಗಳನ್ನೂ ಪ್ರಯೋಗದಲ್ಲಿ ಆಗುವ ಲೋಪಗಳನ್ನೂ ಎಣಿಸುತ್ತದೆ. ಕನ್ನಡದ ಕವಿ ಇದನ್ನು ಇನ್ನೂ ಆಳವಾಗಿ ಕಂಡಿದ್ದಾನೆ. ಪಂಪನ ಆದಿಪುರಾಣದಲ್ಲಿ (ಕ್ರಿ. ಶ. 941) ನೀಲಾಂಜನೆ ನರ್ತಿಸುತ್ತಿರುವಾಗಲೇ ಆಯುಸ್ಸು ತೀರಿ ಅದೃಶ್ಯಳಾಗುತ್ತಾಳೆ, ಇಂದ್ರನು ರಸಭಂಗವಾಗದಂತೆ ಅವಳಂಥವಳನ್ನೇ ನಿಲ್ಲಿಸುತ್ತಾನೆ, ಸಭೆಗೆ ಏನೂ ತಿಳಿಯುವುದಿಲ್ಲ, ಆದಿದೇವನೊಬ್ಬನು ಕಾಣುತ್ತಾನೆ. ವೈರಾಗ್ಯದ ಪ್ರಸಂಗವೆಂದು ಇದನ್ನು ಪಾಠ ಹೇಳುತ್ತೇವೆ, ಸರಿಯೇ. ಆದರೆ ಆ ಇಡೀ ಸಭೆಯಲ್ಲಿ ನೃತ್ಯವನ್ನು ನಿಜವಾಗಿ ನೋಡುತ್ತಿದ್ದವನು ಒಬ್ಬನೇ ಎಂಬುದೂ ಅಲ್ಲಿದೆಯಲ್ಲವೆ? ನಮ್ಮ ರಂಗಪ್ರವೇಶಗಳಿಗೆ ಕೊರತೆಯಾಗಿರುವುದು ಅಂಥ ಒಬ್ಬನದು.

ನಮ್ಮ ಮಲೆನಾಡಿನ ಯಕ್ಷಗಾನದಲ್ಲಿ ಈ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಬಗೆಹರಿಸಿದ್ದರು. ಮೇಳಕ್ಕೆ ಸೇರಿದ ಹುಡುಗನಿಗೆ ರಂಗಪ್ರವೇಶವೆಂಬ ಸಮಾರಂಭವಿಲ್ಲ. ಅವನು ಮೊದಲು ಕೋಡಂಗಿ. ಪೂರ್ವರಂಗದಲ್ಲಿ, ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ, ತಾಳಕ್ಕೆ ಹೆಜ್ಜೆ ಹಾಕಿ ಹೋಗುತ್ತಾನೆ. ಅನಂತರ ಬಾಲಗೋಪಾಲ; ಅನಂತರ ಪೀಠಿಕೆಯ ಸ್ತ್ರೀವೇಷ; ವರ್ಷಗಳು ಕಳೆದ ಮೇಲೆ ಮುಖ್ಯವೇಷ, ತನ್ನದೇ ಒಡ್ಡೋಲಗ. ಅವನು ತಪ್ಪಿದರೆ ಭಾಗವತರು ಚೌಕಿಯಲ್ಲಿ ಅದೇ ರಾತ್ರಿ ಹೇಳುತ್ತಿದ್ದರು. ಹೇಳುವ ರೀತಿ ಯಾವಾಗಲೂ ಮೃದುವಾಗಿರುತ್ತಿತ್ತೆಂದಲ್ಲ. ಜನರ ಮುಂದೆ ತಪ್ಪಲು ಅವಕಾಶ, ತಪ್ಪಿದ್ದನ್ನು ತಿಳಿಯಲು ಅವಕಾಶ, ಮಾರನೆಯ ರಾತ್ರಿ ಮತ್ತೆ ಕುಣಿಯಲು ಅವಕಾಶ: ಮೂರೂ ಅಲ್ಲಿದ್ದುವು. ಏಕವ್ಯಕ್ತಿಯ ಭರತನಾಟ್ಯಕ್ಕೆ ಮೇಳದ ಕ್ರಮವನ್ನು ಹಾಗೆಯೇ ಹೊಂದಿಸಲಾಗದು. ಆದರೆ ಹದಿನಾಲ್ಕು ಹದಿನೈದನೆಯ ವಯಸ್ಸಿನಲ್ಲಿ ಒಂದು ಅಲರಿಪ್ಪನ್ನೋ ಒಂದು ದೇವರನಾಮವನ್ನೋ ಊರಿನ ಶಾಲೆಯ ಜಗುಲಿಯಲ್ಲಿ ಹತ್ತು ಬಾರಿ ಮಾಡಿದವಳು, ಎರಡೂವರೆ ಗಂಟೆಯ ಮಾರ್ಗವನ್ನು ಒಂದೇ ಬಾರಿ ಮಾಡಿದವಳಿಗಿಂತ ಹೆಚ್ಚು ಕಲಿತಿರುತ್ತಾಳೆಂದು ಹೇಳಲು ಶಾಸ್ತ್ರಾಧಾರ ಬೇಕಿಲ್ಲ. ತುಮರಿಯಂಥ ಊರಿನಲ್ಲಿ ಇದು ಆಗದ ಮಾತೂ ಅಲ್ಲ. ಲಾಂಚಿನ ಕಾಲದಲ್ಲಿಯೇ ಕೆ. ಜಿ. ಕೃಷ್ಣಮೂರ್ತಿಯವರ ಕಿನ್ನರಮೇಳ ಅಲ್ಲಿಂದ ಹೊರಟು ನಾಡಿನ ಶಾಲೆಗಳಿಗೆಲ್ಲ ಮಕ್ಕಳ ನಾಟಕಗಳನ್ನು ಕೊಂಡೊಯ್ದಿತು.

ಕೊನೆಯದಾಗಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸಬಯಸುತ್ತೇನೆ. ಆಮಂತ್ರಣಪತ್ರಿಕೆಗಳನ್ನು ಸಮಾರಂಭದ ಮಾರನೆಯ ದಿನ ಯಾರೂ ಇಟ್ಟುಕೊಳ್ಳುವುದಿಲ್ಲ. ನಾನು ಆರು ವರ್ಷದಿಂದ ಇಟ್ಟುಕೊಂಡು ಬಂದಿದ್ದೇನೆ, ಮೂವತ್ತೊಂದು ಸೇರಿವೆ. ಗುರುವಿನ ಹೆಸರು ಮೂವತ್ತೊಂದರಲ್ಲಿಯೂ ಇದೆ; ಗುರುವಿನ ಗುರುವಿನ ಹೆಸರು ಒಂಬತ್ತರಲ್ಲಿ; ಮೃದಂಗದವರ ಹೆಸರು ಇಪ್ಪತ್ತೆಂಟರಲ್ಲಿ; ನರ್ತಿಸುವ ರಚನೆಗಳನ್ನು ಮಾಡಿದವರ ಹೆಸರು ಏಳರಲ್ಲಿ ಮಾತ್ರ. ಮುಖ್ಯ ಅತಿಥಿಗಳ ಹೆಸರು ಎಲ್ಲದರಲ್ಲಿಯೂ ಅತ್ಯಂತ ದಪ್ಪ ಅಕ್ಷರಗಳಲ್ಲಿದೆ. ನಾಲ್ಕರ ಹಿಂಬದಿಯಲ್ಲಿ, ಕಾರ್ಯಕ್ರಮ ನೋಡುತ್ತ ಪೆನ್ಸಿಲಿನಿಂದ ನಾನು ಗೀಚಿದ ಟಿಪ್ಪಣಿಗಳಿವೆ; ಅವುಗಳಲ್ಲಿ ಒಂದನ್ನು ಮೇಲೆ ಬಿಡಿಸಿ ಬರೆದಿದ್ದೇನೆ. ಅದರ ಒಂದು ಪ್ರತಿಯನ್ನು ಬೆಂಗಳೂರಿನ ಆ ಹುಡುಗಿಗೆ ಕಳುಹಿಸಿಕೊಟ್ಟೆ. ಎರಡು ವಾರದ ಬಳಿಕ ಅವಳಿಂದ ಉತ್ತರ ಬಂದಿತು: ವರ್ಣದಲ್ಲಿ ಬಿರುಕು ಬಿಟ್ಟದ್ದು ಒಂದು ಕಡೆಯಲ್ಲ, ಎರಡು ಕಡೆ, ಸಾರ್.